ಕಮರಿಯೊಳಗೆ ಎರಡು ರಾತ್ರಿ: ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗೋದಾ, ಪರೀಯಕ್ಕಾ, ಕಯೋಟಿ ಗಲ್ಚ್‌ಗಾ?

ಸಂಕ್ರಾಂತಿ ಕಳೆಯುತ್ತಿದ್ದಂತೆ ನನಗೆ ಫೋನ್ ಬರಲು ಶುರುವಾಗುತ್ತದೆ. ಬೇ ಏರಿಯಾದಿಂದ, ಡಲ್ಲಾಸ್‌ನಿಂದ, ಇಲ್ಲೇ ಫೀನಿಕ್ಸ್‌ನಲ್ಲಿರುವ ಗೆಳೆಯರಿಂದ. "ಈ ಸಲ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಕ್ಯಾನ್ಯನ್ ಒಳಗೇ ಎರಡು ರಾತ್ರಿ ಮಲಗಿ ಬರೋಣ ಅಂತಿದ್ದೀವಿ. ಎಲ್ಲಿಗೆ ಹೋಗೋದು?" ಜೊತೆಗೆ ನಾಲ್ಕೈದು ಫೋಟೋ ಬರುತ್ತವೆ. ಫೋಟೋದಲ್ಲಿ ಎಲ್ಲಾ ಒಂದೇ ಥರ. ಕೆಂಪು ಬಂಡೆ, ನೀಲಿ ಆಕಾಶ, ನಡುವೆ ಇರುವೆಯಷ್ಟು ಚಿಕ್ಕದಾಗಿ ಒಬ್ಬ ಮನುಷ್ಯ.

ಆದರೆ ಅರಿಜೋನಾ, ಯೂಟಾ ಕಡೆಯ ಈ ಕಮರಿಗಳಿಗೆ ಇಳಿದು ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಒಂದರಲ್ಲಿ ನಲ್ಲಿ ನೀರು ಬರುತ್ತದೆ. ಇನ್ನೊಂದರಲ್ಲಿ ಕಾಫಿ ಬಣ್ಣದ ರಾಡಿ. ಒಂದರಲ್ಲಿ ಬೇಡ ಅನ್ನಿಸಿದರೆ ಬಂದ ದಾರಿಯಲ್ಲೇ ತಿರುಗಬಹುದು. ಇನ್ನೊಂದರಲ್ಲಿ ಎರಡನೇ ದಿನದ ಹೊತ್ತಿಗೆ ಹಿಂದಕ್ಕೂ ದೂರ, ಮುಂದಕ್ಕೂ ದೂರ. ಅದಕ್ಕೇ ನಾನು ಕೇಳುವುದು ಎರಡೇ ಪ್ರಶ್ನೆ. ನೀರು ಎಲ್ಲಿ ಸಿಗುತ್ತದೆ? ಹೊರಗೆ ಬರುವ ದಾರಿ ಎಲ್ಲಿದೆ? ನಾನು ಚಳ್ಳಕೆರೆ ಕಡೆಯವನು. ಎಷ್ಟು ಬಿಂದಿಗೆ ತುಂಬಿದೆ ಅಂತ ನೋಡಿಕೊಂಡೇ ನಮ್ಮಮ್ಮ ದಿನದ ಕೆಲಸ ಶುರು ಮಾಡುತ್ತಿದ್ದರು. ನೀರಿನ ಲೆಕ್ಕ ಮನೆಯಿಂದಲೇ ಬಂದ ಅಭ್ಯಾಸ.

ಘಟ್ಟ ಹತ್ತಿದವರಿಗೆ ಒಂದು ಮಾತು

ನಮ್ಮಲ್ಲಿ ತುಂಬಾ ಜನ ಕುಮಾರ ಪರ್ವತ, ಕುದುರೆಮುಖ ಹತ್ತಿ ಬಂದವರು. ಆ ಅಭ್ಯಾಸ ಒಳ್ಳೆಯದೇ. ಆದರೆ ಘಟ್ಟದಲ್ಲಿ ಕಾಲು ಗಟ್ಟಿ ಇರುವಾಗ ಹತ್ತುತ್ತೀರಿ, ಸುಸ್ತಾದ ಮೇಲೆ ಇಳಿಯುತ್ತೀರಿ. ಅರ್ಧ ದಾರಿಯಲ್ಲಿ ಆಗಲ್ಲ ಅನ್ನಿಸಿದರೆ ತಿರುಗಿ ಇಳಿದರಾಯಿತು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. ಬೆಳಗಿನ ತಂಪಿನಲ್ಲಿ, ಹೊಸ ಹುರುಪಿನಲ್ಲಿ ಸಲೀಸಾಗಿ ಇಳಿದುಬಿಡುತ್ತೀರಿ. ಹತ್ತುವುದು ಆಮೇಲೆ. ಅದೂ ಬಿಸಿಲಿನಲ್ಲಿ, ದಣಿದ ಕಾಲಿನಲ್ಲಿ. ಎಷ್ಟು ಹೊತ್ತಿನಲ್ಲಿ ಇಳಿದಿರೋ ಅದರ ಎರಡರಷ್ಟು ಹೊತ್ತು ಹತ್ತಲು ಬೇಕು ಅಂತ ಇಟ್ಟುಕೊಳ್ಳಿ.

ಇನ್ನೊಂದು ವ್ಯತ್ಯಾಸ ಬೆವರು. ಘಟ್ಟದಲ್ಲಿ ಅಂಗಿ ಒದ್ದೆಯಾಗಿ ಮೈಗೆ ಅಂಟುತ್ತದೆ, ಎಷ್ಟು ಬೆವರಿದ್ದೀರಿ ಅಂತ ಗೊತ್ತಾಗುತ್ತದೆ. ಇಲ್ಲಿನ ಒಣ ಗಾಳಿಯಲ್ಲಿ ಬೆವರು ಬಂದಷ್ಟೇ ಬೇಗ ಆರಿಹೋಗುತ್ತದೆ. ಸಂಜೆ ನೋಡಿದರೆ ಬ್ಯಾಗಿನ ಪಟ್ಟಿಯ ಮೇಲೆ ಉಪ್ಪಿನ ಬಿಳಿ ಗೆರೆ ಎದ್ದಿರುತ್ತದೆ. ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು ಅಂತ ಲೆಕ್ಕ ಹಾಕಿ. ಅಂದರೆ ನೀರಿನ ಭಾರವೇ 4 ಕೆ.ಜಿ.

ಗ್ರ್ಯಾಂಡ್ ಕ್ಯಾನ್ಯನ್: ನಲ್ಲಿ ಇದೆ, ರೇಂಜರ್ ಇದ್ದಾರೆ, ಹತ್ತುವುದು ಜಾಸ್ತಿ

ಇಲ್ಲಿ ನಾನು ಹೇಳುವುದು ದಕ್ಷಿಣ ಅಂಚಿನ ಎರಡು ದಾರಿಗಳ ಬಗ್ಗೆ ಮಾತ್ರ: ಸೌತ್ ಕೈಬ್ಯಾಬ್, ಬ್ರೈಟ್ ಏಂಜಲ್. ಮೊದಲ ಸಲ ಹೋಗುವವರು ಸೌತ್ ಕೈಬ್ಯಾಬ್‌ನಲ್ಲಿ ಇಳಿದು ಬ್ರೈಟ್ ಏಂಜಲ್‌ನಲ್ಲಿ ಹತ್ತಬೇಕು. ಉಲ್ಟಾ ಮಾಡಬೇಡಿ. ಸೌತ್ ಕೈಬ್ಯಾಬ್ ಸುಮಾರು 11 ಕಿ.ಮೀ. ಚಿಕ್ಕದು, ಕಡಿದು, ಬೆಟ್ಟದ ಏಣಿನ ಮೇಲೇ ಸಾಗುತ್ತದೆ. ನೋಟ ಮಾತ್ರ ಎರಡು ಕಣ್ಣಿಗೆ ಸಾಲದು. ಆದರೆ ದಾರಿಯುದ್ದಕ್ಕೂ ಒಂದು ಹನಿ ನೀರಿಲ್ಲ, ನೆರಳೂ ಇಲ್ಲ ಅಂತಲೇ ಹೇಳಬೇಕು. ಬ್ರೈಟ್ ಏಂಜಲ್ ಸುಮಾರು 15 ಕಿ.ಮೀ. ನಡುವೆ ಹವಾಸುಪೈ ಗಾರ್ಡನ್ಸ್ ಅನ್ನುವ ಹಸಿರು ತಾಣ. ಹಳೇ ನಕ್ಷೆಗಳಲ್ಲಿ ಇಂಡಿಯನ್ ಗಾರ್ಡನ್ ಅಂತ ಇರುತ್ತದೆ. 2022ರಲ್ಲಿ ಹೆಸರು ಬದಲಾಯಿತು. ಅಲ್ಲಿ ಕಾಟನ್‌ವುಡ್ ಮರಗಳ ನೆರಳಿದೆ, ನಲ್ಲಿ ಇದೆ, ಟೆಂಟ್ ಹಾಕುವ ಜಾಗವೂ ಇದೆ.

ಮೊದಲ ರಾತ್ರಿ ತಳದಲ್ಲಿ, ಕೊಲೊರಾಡೊ ನದಿ ಹತ್ತಿರದ ಬ್ರೈಟ್ ಏಂಜಲ್ ಕ್ಯಾಂಪ್‌ಗ್ರೌಂಡ್‌ನಲ್ಲಿ. ಎರಡನೇ ರಾತ್ರಿ ಹವಾಸುಪೈ ಗಾರ್ಡನ್ಸ್‌ನಲ್ಲಿ. ಹೀಗೆ ಮಾಡಿದರೆ 1,300 ಮೀಟರಿಗೂ ಮೀರಿದ ಏರು ಎರಡು ದಿನಕ್ಕೆ ಹಂಚಿಹೋಗುತ್ತದೆ. ಒಳಗೆ ರಾತ್ರಿ ಉಳಿಯಲು ಬೇಕಾದ ಪರ್ಮಿಟ್ ಒಂದೇ ರಾತ್ರಿಗೆ ಸಿಕ್ಕಿತು ಅಂತ ಒಂದೇ ದಿನಕ್ಕೆ ಪೂರ್ತಿ ಹತ್ತುವವರೂ ಇದ್ದಾರೆ. ಆಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಡುವ ಅಭ್ಯಾಸ ಇರಬೇಕು, ಅಷ್ಟೇ.

ನಲ್ಲಿ ನೀರಿನ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ಅದನ್ನೇ ನಂಬಿ ಹೋದವರು ಕಷ್ಟಪಟ್ಟಿದ್ದಾರೆ. ಉತ್ತರ ಅಂಚಿನ ಕೆಳಗೆ ರೋರಿಂಗ್ ಸ್ಪ್ರಿಂಗ್ಸ್ ಅನ್ನುವ ದೊಡ್ಡ ಒರತೆ ಇದೆ. ಅಲ್ಲಿಂದ ಕಮರಿಯ ಅಡ್ಡಕ್ಕೆ ಪೈಪ್ ಹಾಕಿ ದಕ್ಷಿಣ ಅಂಚಿನವರೆಗೆ ನೀರು ತರುತ್ತಾರೆ. 1960ರ ದಶಕದ ಪೈಪ್. ಆಗಾಗ ಒಡೆಯುತ್ತದೆ, ಒಡೆದ ದಿನ ನಲ್ಲಿಗಳು ಒಣ. ಈಗ ಹೊಸದು ಹಾಕುವ ಕೆಲಸ ನಡೆದಿದ್ದು, ಅದಕ್ಕಾಗಿ ಕೆಲವು ದಾರಿ, ಕ್ಯಾಂಪ್‌ಗ್ರೌಂಡ್‌ಗಳನ್ನು ಆಗಾಗ ಮುಚ್ಚುತ್ತಾರೆ. ಚಳಿಗಾಲದಲ್ಲಿ ದಾರಿ ನಡುವಿನ ಕೆಲವು ನಲ್ಲಿಗಳನ್ನು ಹೇಗೂ ನಿಲ್ಲಿಸುತ್ತಾರೆ. ಹೊರಡುವ ಹಿಂದಿನ ದಿನ ಪಾರ್ಕ್‌ನವರ ಪ್ರಕಟಣೆ ನೋಡಿ, ಯಾವ ನಲ್ಲಿ ನಡೆಯುತ್ತಿದೆ ಅಂತ ಬರೆದುಕೊಳ್ಳಿ. ನಲ್ಲಿ ಇದ್ದರೂ ಒಂದು ಫಿಲ್ಟರ್ ಬ್ಯಾಗಿನಲ್ಲಿರಲಿ. ಉತ್ತರ ಅಂಚಿನಿಂದ ಇಳಿಯುವ ಯೋಚನೆ ಇದ್ದರೆ ಇನ್ನೂ ಜಾಗ್ರತೆ. 2025ರ ಜುಲೈನಲ್ಲಿ ಸಿಡಿಲಿನಿಂದ ಹತ್ತಿದ ಡ್ರ್ಯಾಗನ್ ಬ್ರೇವೊ ಬೆಂಕಿ ಅಲ್ಲಿನ ಹಳೆಯ ಲಾಡ್ಜ್ ಅನ್ನೇ ಸುಟ್ಟುಹಾಕಿತು. ಆ ಕಡೆಯ ದಾರಿಗಳು ಎಷ್ಟರಮಟ್ಟಿಗೆ ತೆರೆದಿವೆ ಅಂತ ನೋಡಿಯೇ ಹೊರಡಿ.

ಇಲ್ಲಿ ನಿಜವಾದ ಅಪಾಯ ಸೆಕೆ. ಮೇಲೆ ಅಂಚಿನಲ್ಲಿ ಹಿತವಾದ ಗಾಳಿ ಬೀಸುತ್ತಿದ್ದರೂ ತಳದಲ್ಲಿ ಬೇಸಿಗೆಯ ದಿನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ನಡೆಯಬೇಡಿ ಅಂತ ಪಾರ್ಕ್‌ನವರು ಬೋರ್ಡ್ ಹಾಕಿ ಹೇಳುತ್ತಾರೆ. ಸುಮ್ನೆ ಹೇಳುವುದಲ್ಲ ಅದು. ಬರೀ ನೀರು ಕುಡಿಯುತ್ತಾ ಹೋದರೂ ತೊಂದರೆ. ಮೈಯಲ್ಲಿ ಉಪ್ಪಿನ ಅಂಶ ಇಳಿದು ತಲೆ ತಿರುಗುತ್ತದೆ, ವಾಂತಿ ಬರುತ್ತದೆ. ನೀರಿನ ಜೊತೆ ಉಪ್ಪಿನ ತಿಂಡಿ ಇರಲೇಬೇಕು. ಈ ವಿಷಯದಲ್ಲಿ ನಮ್ಮ ಡಬ್ಬಿಗಳೇ ವಾಸಿ. ಕೋಡುಬಳೆ, ನಿಪ್ಪಟ್ಟು, ಉಪ್ಪು ಹಾಕಿ ಹುರಿದ ಕಡಲೆಕಾಯಿ. ರಾತ್ರಿಗೆ ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ, ಮೇಲೆ ಚಟ್ನಿಪುಡಿ. ತಿಂಡಿಯನ್ನು ಕ್ಯಾಂಪಿನ ಲೋಹದ ಪೆಟ್ಟಿಗೆಯಲ್ಲೇ ಇಡಿ. ಅಳಿಲುಗಳು ಬ್ಯಾಗನ್ನು ಕಡಿದು ತೂತು ಮಾಡುತ್ತವೆ.

ಇಷ್ಟೆಲ್ಲ ಹೇಳಿದರೂ, ಮೊದಲ ಸಲದವರಿಗೆ ಇಲ್ಲಿರುವಷ್ಟು ಆಸರೆ ಬೇರೆ ಕಮರಿಯಲ್ಲಿ ಸಿಗುವುದಿಲ್ಲ. ತಳದಲ್ಲಿ ರೇಂಜರ್ ಇರುತ್ತಾರೆ. ದಾರಿಯಲ್ಲಿ ತುರ್ತು ಫೋನ್‌ಗಳಿವೆ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಹೇಸರಗತ್ತೆಗಳು ಬಂದರೆ ಅವುಗಳ ಸವಾರ ಹೇಳಿದ ಕಡೆ ಸರಿದು ಅಲ್ಲಾಡದೆ ನಿಲ್ಲಿ, ಅಷ್ಟು ಸಾಕು. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರು ಮೇಲೆ ಹೋಟೆಲಿನಲ್ಲಿ ಉಳಿದು, ಪಾರ್ಕಿನ ಬಸ್ಸಿನಲ್ಲಿ ಓಡಾಡಿಕೊಂಡು ಇರಬಹುದು. ಉಳಿದೆರಡು ಜಾಗದಲ್ಲಿ ಈ ಅನುಕೂಲ ಇಲ್ಲ.

ಇನ್ನೊಂದು ಕಾರಣಕ್ಕೂ ಈ ಜಾಗ ನನಗೆ ಹತ್ತಿರ. ತಳ ಮುಟ್ಟುವ ಹೊತ್ತಿಗೆ ಕೆಂಪು ಪದರಗಳೆಲ್ಲ ಮುಗಿದು ಕಪ್ಪು ಬಂಡೆ ಶುರುವಾಗುತ್ತದೆ. ಅದರ ಹೆಸರು ವಿಷ್ಣು ಶಿಸ್ಟ್. ಸುಮಾರು 170 ಕೋಟಿ ವರ್ಷ ಹಳೆಯದು. 1880ರ ದಶಕದಲ್ಲಿ ಕ್ಲಾರೆನ್ಸ್ ಡಟನ್ ಅನ್ನುವ ಭೂವಿಜ್ಞಾನಿ ಇಲ್ಲಿನ ಶಿಖರಗಳಿಗೆ ವಿಷ್ಣು, ಶಿವ ಅಂತ ಹೆಸರಿಟ್ಟ. ಆಮೇಲೆ ಬಂದವರೂ ಅದೇ ಜಾಡು ಹಿಡಿದರು. ಸೌತ್ ಕೈಬ್ಯಾಬ್ ಇಳಿಯುವಾಗ ನದಿಯ ಆಚೆ ಕಾಣುವ ಶಿಖರಗಳಲ್ಲಿ ಒಂದು ಬ್ರಹ್ಮ ಟೆಂಪಲ್. ಆ ಕಪ್ಪು ಬಂಡೆಗೆ ಕೈಯಿಟ್ಟಾಗ ಅದು ನುಣ್ಣಗೆ, ಬಿಸಿಲು ಹೋಗಿ ಗಂಟೆಯಾದರೂ ಬೆಚ್ಚಗೆ ಇತ್ತು. ನಮ್ಮ ಮನೆಯ ಒರಳುಕಲ್ಲು ನೆನಪಾಯಿತು.

ಪರೀಯ: ನದಿಯೊಳಗೇ ನಾಲ್ಕು ದಿನ

ಪರೀಯ ಕ್ಯಾನ್ಯನ್ ಯೂಟಾದಲ್ಲಿ ಶುರುವಾಗಿ ಅರಿಜೋನಾದಲ್ಲಿ ಮುಗಿಯುತ್ತದೆ. ವೈಟ್ ಹೌಸ್ ಅನ್ನುವ ಜಾಗದಿಂದ ಲೀಸ್ ಫೆರಿವರೆಗೆ 38 ಮೈಲಿ, ಅಂದರೆ 61 ಕಿ.ಮೀ. ಮೂರು ದಿನಕ್ಕೂ ಮುಗಿಸಬಹುದು, ಆದರೆ ನಾಲ್ಕು ಇಟ್ಟುಕೊಂಡರೆ ಸುಖ. ಒಂದು ದಿನಕ್ಕೆ ರಾತ್ರಿ ಉಳಿಯುವ 20 ಜನರಿಗೆ ಮಾತ್ರ ಒಳಗೆ ಬಿಡುತ್ತಾರೆ. ಹಾಗಾಗಿ ಜನಸಂದಣಿ ಇಲ್ಲ. ಎಷ್ಟೋ ಹೊತ್ತು ನಿಮ್ಮ ಹೆಜ್ಜೆ ನೀರಿನಲ್ಲಿ ಎದ್ದು ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಇಲ್ಲಿ ಹತ್ತುವುದು ಇಲ್ಲವೇ ಇಲ್ಲ ಅನ್ನಬಹುದು. ನದಿ ಹರಿಯುವ ಕಡೆಗೇ ನೀವೂ ನಡೆಯುತ್ತೀರಿ. ನದಿಯನ್ನು ನೂರಾರು ಸಲ ದಾಟುತ್ತೀರಿ, ಹಾಗಾಗಿ ಒಣ ಶೂ ಅನ್ನುವ ಮಾತೇ ಇಲ್ಲ. ನೀರು ಸಾಮಾನ್ಯವಾಗಿ ಪಾದದಿಂದ ಮೊಣಕಾಲವರೆಗೆ. ಆದರೆ ಉಸುಬು ಇದೆ. ನೋಡಲು ಗಟ್ಟಿ ಮರಳು, ಕಾಲಿಟ್ಟರೆ ಮೊಣಕಾಲ ತನಕ ಎಳೆದುಕೊಳ್ಳುತ್ತದೆ. ಹೆದರಬೇಡಿ, ಜಗ್ಗಾಡಬೇಡಿ. ಕೋಲು ಊರಿ, ಕಾಲನ್ನು ಮೆಲ್ಲಗೆ ಅಲ್ಲಾಡಿಸುತ್ತಾ ಬಿಡಿಸಿಕೊಳ್ಳಿ.

ನೀರಿನ ನಡುವೆಯೇ ನಡೆದರೂ ಕುಡಿಯುವ ನೀರಿಗೆ ಪರದಾಟ, ಇದೇ ಪರೀಯದ ವಿಚಿತ್ರ. ನದಿಯ ನೀರಿನಲ್ಲಿ ಎಷ್ಟು ಹೂಳು ಅಂದರೆ ಫಿಲ್ಟರ್ ಅರ್ಧ ಲೀಟರಿಗೇ ಕಟ್ಟಿಕೊಳ್ಳುತ್ತದೆ. ಮೇಲ್ಭಾಗದಲ್ಲಿ ಹೊಲ, ದನ ಎಲ್ಲ ಇರುವುದರಿಂದ ಬಂಡೆಯಿಂದ ಜಿನುಗುವ ಒರತೆ ನೀರೇ ಒಳ್ಳೆಯದು. ಬಿಗ್ ಸ್ಪ್ರಿಂಗ್ ಸುಮಾರು 12ನೇ ಮೈಲಿಯಲ್ಲಿ, ಶವರ್ ಸ್ಪ್ರಿಂಗ್ ಸುಮಾರು 22ನೇ ಮೈಲಿಯಲ್ಲಿ. ಮೊದಲ ದಿನ ಬಿಗ್ ಸ್ಪ್ರಿಂಗ್ ಮುಟ್ಟಲು ಆಗದಿದ್ದರೆ ಆ ರಾತ್ರಿಯ ನೀರನ್ನೂ ಹೊತ್ತೇ ಇಳಿಯಬೇಕು.

ನಾವು ಹೋದಾಗ ಹಾಗೇ ಆಯಿತು. ನೀರು ಹೊರುವುದರಲ್ಲಿ ಜಿಪುಣತನ ಮಾಡಿದ್ದೆವು, ಕತ್ತಲಾದರೂ ಒರತೆ ಸಿಗಲಿಲ್ಲ. ಮಡಚುವ ಬಕೆಟ್ಟಿನಲ್ಲಿ ನದಿ ನೀರು ತುಂಬಿದೆವು. ಟಾರ್ಚ್ ಬಿಟ್ಟರೆ ಬೆಳಕು ಒಂದು ಬೆರಳು ಆಳಕ್ಕೂ ಇಳಿಯಲಿಲ್ಲ. ಗೆಳೆಯನ ಹೆಂಡತಿ ತಮ್ಮ ಬ್ಯಾಗಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದರು. ಪಟಿಕ! ಊರಲ್ಲಿ ಕೆರೆ ನೀರಿನ ಕೊಡದೊಳಗೆ ಅಜ್ಜಿ ತಿರುಗಿಸುತ್ತಿದ್ದದ್ದು ಇದನ್ನೇ ಅಲ್ವಾ? ಒಂದು ಚಿಟಿಕೆ ಹಾಕಿ, ಚಮಚದಲ್ಲಿ ತಿರುಗಿಸಿ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಮಣ್ಣು ಮೊಸರಿನಂತೆ ಒಡೆದು ಕೆಳಗಿಳಿಯಲು ಶುರುವಾಯಿತು. ಬೆಳಗ್ಗೆ ನೋಡಿದರೆ ತಳದಲ್ಲಿ ಎರಡು ಬೆರಳು ಕೆಸರು, ಮೇಲೆ ತಿಳಿ ನೀರು. ಅದನ್ನು ಅಲುಗಾಡಿಸದೆ ಬಗ್ಗಿಸಿಕೊಂಡು, ಪಂಚೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರ್ ಮಾಡಿ, ಕುದಿಸಿ ಕುಡಿದೆವು. ಪಟಿಕ ಮಣ್ಣನ್ನು ಮಾತ್ರ ಇಳಿಸುತ್ತದೆ, ರೋಗಾಣು ಕೊಲ್ಲುವುದಿಲ್ಲ, ಇದು ನೆನಪಿರಲಿ. ಕೊಲೊರಾಡೊ ನದಿಯಲ್ಲಿ ದೋಣಿ ಪ್ರವಾಸಕ್ಕೆ ಹೋಗುವವರೂ ಪಟಿಕ ಬಳಸುತ್ತಾರೆ ಅಂತ ಆಮೇಲೆ ತಿಳಿಯಿತು.

ಇನ್ನು ಎರಡನೇ ಪ್ರಶ್ನೆ, ಹೊರಗೆ ಬರುವ ದಾರಿ. ಶುರುವಿನ ಕೆಲವು ಮೈಲಿ ಆದ ಮೇಲೆ ಗೋಡೆಗಳು ಹತ್ತಿರ ಬರುತ್ತವೆ. ಎರಡೂ ಕಡೆ ನೂರಾರು ಅಡಿ ನೆಟ್ಟನೆ ಬಂಡೆ. ಅಲ್ಲಿ ಪ್ರವಾಹ ಬಂದರೆ ಓಡಲು ಜಾಗವಿಲ್ಲ. ಮಳೆ ನಿಮ್ಮ ತಲೆ ಮೇಲೆ ಬೀಳಬೇಕಾಗಿಯೂ ಇಲ್ಲ. 1997ರ ಆಗಸ್ಟ್ 12ರಂದು ಇದೇ ಸೀಮೆಯ, ಪೇಜ್ ಊರಿನ ಹತ್ತಿರದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಕೊಚ್ಚಿಹೋದರು. ಮಳೆ ಸುರಿದದ್ದು ಎಷ್ಟೋ ಮೈಲಿ ಮೇಲೆ. ಪರೀಯ ನದಿ ಹುಟ್ಟುವುದು ಬ್ರೈಸ್ ಕ್ಯಾನ್ಯನ್ ಸುತ್ತಮುತ್ತ. ಆದ್ದರಿಂದ ಪೇಜ್‌ನ ಹವಾಮಾನ ನೋಡಿ ಸಮಾಧಾನ ಪಡಬೇಡಿ, ಬ್ರೈಸ್ ಕಡೆ ಮಳೆ ಇದೆಯಾ ನೋಡಿ. ಜುಲೈನಿಂದ ಸೆಪ್ಟೆಂಬರ್ ನಡುವಿನವರೆಗೆ ಇಲ್ಲೂ ಮಳೆಗಾಲ. ಆ ತಿಂಗಳುಗಳಲ್ಲಿ ಪರೀಯಕ್ಕೆ ಹೋಗಲೇಬೇಡಿ ಅಂತ ನಾನು ಖಡಾಖಂಡಿತ ಹೇಳುತ್ತೇನೆ. ಟಿಕೆಟ್ ದುಡ್ಡು ಹೋದರೆ ಹೋಗಲಿ.

ಹೋಗುವ ಬರುವ ವ್ಯವಸ್ಥೆಯೂ ಸುಲಭವಲ್ಲ. ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಯಲ್ಲಿ ಏಳುತ್ತೀರಿ. ನಡುವೆ ರಸ್ತೆಯಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ಎರಡು ಕಾರು ಬೇಕು, ಇಲ್ಲವೇ ಬಿಟ್ಟುಬರುವ ಬಾಡಿಗೆ ಗಾಡಿ ಗೊತ್ತುಮಾಡಬೇಕು. ಸಮಯ ಹೇಳುವಾಗ ಯೂಟಾ ಸಮಯವಾ ಅರಿಜೋನಾ ಸಮಯವಾ ಅಂತ ಬಿಡಿಸಿ ಕೇಳಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಎರಡಕ್ಕೂ ಒಂದು ಗಂಟೆ ವ್ಯತ್ಯಾಸ.

ಬಕ್‌ಸ್ಕಿನ್ ಗಲ್ಚ್ ಮೂಲಕ ಇಳಿದು ಪರೀಯ ಸೇರುವ ದಾರಿ ಇನ್ನೊಂದಿದೆ. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದು, ಮೈಲಿಗಟ್ಟಲೆ ಹಾಗೇ. ಕೊಳೆತ ತಣ್ಣನೆ ನೀರಿನ ಮಡುಗಳು, ಹಗ್ಗ ಹಿಡಿದು ಇಳಿಯಬೇಕಾದ ಬಂಡೆರಾಶಿ. ಮೊದಲ ಸಲಕ್ಕೆ ಅದು ಬೇಡ.

ಕಯೋಟಿ ಗಲ್ಚ್: ಮಕ್ಕಳ ಜೊತೆ ಹೋಗುವುದಾದರೆ ಇದೇ

ಯೂಟಾದ ಎಸ್ಕಲಾಂಟೆ ಊರಿನಿಂದ ಹೋಲ್ ಇನ್ ದ ರಾಕ್ ಅನ್ನುವ ಮಣ್ಣು ರಸ್ತೆ ಹಿಡಿಯಬೇಕು. 1879-80ರಲ್ಲಿ ಮಾರ್ಮನ್ ಅನ್ನುವ ಕ್ರೈಸ್ತ ಪಂಥದ ಕುಟುಂಬಗಳು ಎತ್ತಿನ ಗಾಡಿ ಕಟ್ಟಿಕೊಂಡು ಹೋದ ದಾರಿ ಅದು. ಇವತ್ತಿಗೂ ಗಾಡಿ ಗಡಗಡ ಅನ್ನುತ್ತದೆ. ನಡಿಗೆ ಶುರುವಾಗುವ ಹರಿಕೇನ್ ವಾಶ್ ಅನ್ನುವ ಜಾಗಕ್ಕೆ ಈ ಮಣ್ಣು ರಸ್ತೆಯಲ್ಲೇ 50 ಕಿ.ಮೀ.ಗೂ ಜಾಸ್ತಿ. ಒಣಗಿದ್ದರೆ ಸಾಮಾನ್ಯ ಕಾರು ನಿಧಾನವಾಗಿ ಹೋಗುತ್ತದೆ. ಮಳೆ ಬಿದ್ದರೆ ಜೀಪಿಗೂ ಕಷ್ಟ. ಹೊರಡುವ ಮೊದಲು ಎಸ್ಕಲಾಂಟೆಯ ಮಾಹಿತಿ ಕೇಂದ್ರದಲ್ಲಿ ರಸ್ತೆ ಹೇಗಿದೆ ಅಂತ ವಿಚಾರಿಸಿ, ಪೆಟ್ರೋಲ್ ತುಂಬಿಸಿಕೊಳ್ಳಿ.

ಇಲ್ಲಿ ನನ್ನ ಎರಡು ಪ್ರಶ್ನೆಗೂ ಒಳ್ಳೆಯ ಉತ್ತರ ಇದೆ. ಮೊದಲ ಕೆಲವು ಮೈಲಿ ಒಣ ಮರಳು, ಬಿಸಿಲು. ಆಮೇಲೆ ಸಣ್ಣ ತೊರೆ ಶುರುವಾಗಿ ಕೊನೇವರೆಗೂ ಜೊತೆಗಿರುತ್ತದೆ. ಪಾದ ಮುಳುಗುವಷ್ಟು ನೀರು, ಪರೀಯಕ್ಕಿಂತ ಎಷ್ಟೋ ತಿಳಿ. ಜೇಕಬ್ ಹ್ಯಾಂಬ್ಲಿನ್ ಆರ್ಚ್ ಅನ್ನುವ ಬಂಡೆಯ ಕಮಾನಿನ ಹತ್ತಿರ ಬಂಡೆಯಿಂದ ಜಿನುಗುವ ಒರತೆ ಇದೆ. ಅದನ್ನೂ ಫಿಲ್ಟರ್ ಮಾಡಿಯೇ ಕುಡಿಯಿರಿ. ಹರಿಕೇನ್ ವಾಶ್‌ನಿಂದ ಆ ಆರ್ಚ್‌ಗೆ ಸುಮಾರು 11 ಕಿ.ಮೀ. ಅಲ್ಲೇ ಎರಡು ರಾತ್ರಿ ಟೆಂಟ್ ಹಾಕಿ, ನಡುವಿನ ದಿನ ಬರಿಗೈಯಲ್ಲಿ ಕೆಳಗಿನ ಕಯೋಟಿ ಬ್ರಿಡ್ಜ್, ಕ್ಲಿಫ್ ಆರ್ಚ್ ನೋಡಿ ಬಂದು, ಮೂರನೇ ದಿನ ಅದೇ ದಾರಿಯಲ್ಲಿ ವಾಪಸ್. ಯಾವುದೇ ಹೊತ್ತಿಗೂ ತಿರುಗಿ ಹೊರಡಬಹುದು.

ಆರ್ಚ್‌ನ ಪಕ್ಕ ಗೋಡೆ ಒಳಕ್ಕೆ ಬಾಗಿ ದೊಡ್ಡ ಗುಮ್ಮಟದ ಹಾಗೆ ನಿಂತಿದೆ. ನಮ್ಮ ಜೊತೆ ಬಂದಿದ್ದ ಹತ್ತು ವರ್ಷದ ಹುಡುಗಿ ಅಲ್ಲಿ ನಿಂತು "ಅಮ್ಮಾ" ಅಂತ ಕೂಗಿದಳು. ಸ್ವಲ್ಪ ತಡೆದು ಗೋಡೆ ಅದನ್ನೇ ವಾಪಸ್ ಹೇಳಿತು. ಅವಳು ಇಡೀ ಸಂಜೆ ಗೋಡೆಯ ಜೊತೆ ಕನ್ನಡದಲ್ಲಿ ಮಾತಾಡುತ್ತಾ ಕೂತಿದ್ದಳು. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಮಗು.

ಗ್ರ್ಯಾಂಡ್ ಕ್ಯಾನ್ಯನ್‌ನ ಹಾಗೆ ಇಲ್ಲಿ ಪರ್ಮಿಟ್‌ಗೆ ಲಾಟರಿ ಇಲ್ಲ. ನಾವು ಹೋದಾಗ ದಾರಿ ಶುರುವಾಗುವಲ್ಲೇ ಪೆಟ್ಟಿಗೆಯಲ್ಲಿದ್ದ ಚೀಟಿ ತುಂಬಿದೆವು, ದುಡ್ಡೂ ಇಲ್ಲ. ಅದಕ್ಕೇ ವಸಂತದ ವಾರಾಂತ್ಯಗಳಲ್ಲಿ ಜನ ಜಾಸ್ತಿ. ಆದಷ್ಟೂ ವಾರದ ದಿನ ಹೋಗಿ. ಕ್ರ್ಯಾಕ್ ಇನ್ ದ ವಾಲ್ ಅನ್ನುವ ಅಡ್ಡದಾರಿಯ ಫೋಟೋ ನೋಡಿ ಮಕ್ಕಳನ್ನು ಆ ಕಡೆ ಕರೆದೊಯ್ಯಬೇಡಿ. ಬಂಡೆಯ ಬಿರುಕಿನಲ್ಲಿ ಬ್ಯಾಗನ್ನು ಹಗ್ಗ ಕಟ್ಟಿ ಇಳಿಸಿ, ಮೈ ಓರೆ ಮಾಡಿ ನುಸುಳಬೇಕು.

ಪರೀಯದಲ್ಲೂ ಕಯೋಟಿಯಲ್ಲೂ ಮಲವನ್ನು ಮಣ್ಣಿನಲ್ಲಿ ಹೂಳುವಂತಿಲ್ಲ. ವ್ಯಾಗ್ ಬ್ಯಾಗ್ ಅನ್ನುವ ಚೀಲದಲ್ಲಿ ಕಟ್ಟಿ ಹೊತ್ತುಕೊಂಡೇ ಬರಬೇಕು. ಕೇಳಿದ ತಕ್ಷಣ ಮುಖ ಸಿಂಡರಿಸುತ್ತಾರೆ. ಆದರೆ ಮರುಭೂಮಿಯ ಮಣ್ಣಿನಲ್ಲಿ ಅದು ಬೇಗ ಕೊಳೆಯುವುದಿಲ್ಲ, ಕಮರಿಯೊಳಗೆ ಎಲ್ಲರೂ ಕುಡಿಯುವುದು ಒಂದೇ ನೀರು. ಎರಡನೇ ದಿನಕ್ಕೆ ಅಭ್ಯಾಸ ಆಗುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ಈ ಕ್ಯಾಂಪ್‌ಗಳಲ್ಲಿ ಶೌಚಾಲಯವಿದೆ. ಗುಂಪಿನಲ್ಲಿ ಯಾರಿಗಾದರೂ ಇದು ಆಗುವುದೇ ಇಲ್ಲ ಅಂದರೆ ಅಲ್ಲಿಗೇ ಹೋಗಿ.

ಹವಾಸುಪೈ, ಝಯಾನ್

ಕೆಲವರು ನೀಲಿ ಜಲಪಾತದ ಫೋಟೋ ತೋರಿಸಿ ಕೇಳುತ್ತಾರೆ. ಅದು ಹವಾಸುಪೈಯದು, ಮೇಲೆ ಹೇಳಿದ ಹವಾಸುಪೈ ಗಾರ್ಡನ್ಸ್ ಅಲ್ಲ. ಹವಾಸುಪೈ ಅನ್ನುವ ಮೂಲನಿವಾಸಿ ಜನರ ಸ್ವಂತ ನೆಲ ಅದು. ದಾರಿ ಶುರುವಾಗುವಲ್ಲಿಂದ ಕ್ಯಾಂಪ್‌ಗೆ 16 ಕಿ.ಮೀ., ಮೂರು ರಾತ್ರಿಗೆ ಒಟ್ಟಿಗೇ ಬುಕ್ ಮಾಡಬೇಕು, ಖರ್ಚು ಉಳಿದ ಎಲ್ಲಕ್ಕಿಂತ ಜಾಸ್ತಿ. ಒಂದೇ ದಿನದಲ್ಲಿ ಹೋಗಿ ಬರಲು ಬಿಡುವುದಿಲ್ಲ. ಯೂಟಾದ ಝಯಾನ್ ಪಾರ್ಕ್‌ನಲ್ಲಿರುವ ನ್ಯಾರೋಸ್ ಅನ್ನುವ ಕಿರಿದಾದ ಕಮರಿ ಮೇಲಿಂದ ಕೆಳಗೆ 26 ಕಿ.ಮೀ., ಹೆಚ್ಚುಕಡಿಮೆ ಪೂರ್ತಿ ತಣ್ಣನೆ ನೀರಿನಲ್ಲಿ, ಒಂದೇ ರಾತ್ರಿ. ನೀರಿನ ಹರಿವು ಜಾಸ್ತಿಯಾದರೆ ಪರ್ಮಿಟ್ ಕೊಡುವುದಿಲ್ಲ. ಎರಡೂ ಚೆಂದ. ಆದರೆ ಕಮರಿ ಚಾರಣ ಹೇಗೆ ಅಂತ ಕಲಿಯಲು ಎರಡೂ ಸರಿಯಾದ ಜಾಗವಲ್ಲ.

ಹಾಗಾದರೆ ಯಾವುದು?

ಹತ್ತು ದಾಟಿದ ಮಕ್ಕಳಿದ್ದರೆ, ಏಪ್ರಿಲ್ ಅಥವಾ ಅಕ್ಟೋಬರ್‌ನಲ್ಲಿ ವಾರದ ದಿನ ರಜೆ ಸಿಕ್ಕರೆ, ಕಯೋಟಿ ಗಲ್ಚ್. ಕಾಲಿನಲ್ಲಿ ಕಸುವಿದ್ದು ಅನುಭವ ಕಡಿಮೆ ಇದ್ದವರಿಗೆ ಗ್ರ್ಯಾಂಡ್ ಕ್ಯಾನ್ಯನ್. ಆದರೆ ಅದರ ಲಾಟರಿಗೆ ನಾಲ್ಕು ತಿಂಗಳಿಗೂ ಮುಂಚೆಯೇ ಅರ್ಜಿ ಹಾಕಬೇಕು. ಈಗ ಸಂಕ್ರಾಂತಿಯಲ್ಲಿ ಯೋಚನೆ ಶುರು ಮಾಡಿದರೆ ಏಪ್ರಿಲ್‌ಗೆ ತಡವಾಯಿತು. ಕೊನೇ ಗಳಿಗೆಯ ಕೆಲವು ಜಾಗ ಕಚೇರಿಗೆ ಖುದ್ದಾಗಿ ಹೋದವರಿಗೆ ಸಿಗುವುದುಂಟು. ಅದನ್ನು ನಂಬಿ ವಿಮಾನದ ಟಿಕೆಟ್ ಮಾಡಬೇಡಿ. ಮೆಮೋರಿಯಲ್ ಡೇ ರಜೆ ಅಂತ ಮೇ ಕೊನೆಯಲ್ಲಿ ಅಲ್ಲಿಗೆ ಇಳಿಯುವುದು ಬೇಡ, ತಳ ಆಗಲೇ ಕಾದಿರುತ್ತದೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ಗೆ ಹೋಗುವುದಾದರೆ ಮೇಲಿನ ದಾರಿಯಲ್ಲಿ ಹಿಮ ಗಟ್ಟಿಯಾಗಿರಬಹುದು, ಶೂಗೆ ಹಾಕುವ ಮುಳ್ಳಿನ ಪಟ್ಟಿ ಒಯ್ಯಿರಿ.

ಪರೀಯ ಎರಡನೇ ವರ್ಷಕ್ಕೆ. ಮೂರರಲ್ಲಿ ನನಗೆ ಅತಿ ಇಷ್ಟದ್ದು ಅದೇ. ಆದರೂ ಮೊದಲ ಸಲಕ್ಕೆ ಯಾರನ್ನೂ ಅಲ್ಲಿಗೆ ಕಳಿಸುವುದಿಲ್ಲ.

ಎಲ್ಲಿಗೇ ಹೋದರೂ ಕಮರಿಯೊಳಗೆ ಫೋನ್ ಸಿಗುತ್ತದೆ ಅಂತ ನಂಬಬೇಡಿ. ಸ್ಯಾಟಲೈಟ್‌ನಲ್ಲಿ ಮೆಸೇಜ್ ಕಳಿಸುವ ಸಾಧನ ಬಾಡಿಗೆಗೆ ಸಿಗುತ್ತದೆ, ತಗೊಳ್ಳಿ. ಅದರ ಜೊತೆಗೆ ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಇದೆ. ಹೊರಡುವ ಬೆಳಗ್ಗೆ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸುತ್ತೇವೆ. ಅದರಲ್ಲಿ ನಾಲ್ಕೇ ಸಾಲು: ಯಾವ ದಾರಿ, ಯಾವ ರಾತ್ರಿ ಎಲ್ಲಿ, ಕಾರಿನ ನಂಬರ್ ಮತ್ತು ನಿಲ್ಲಿಸಿದ ಜಾಗ, ಇಂಥ ದಿನ ರಾತ್ರಿ ಎಂಟರೊಳಗೆ ಫೋನ್ ಬರದಿದ್ದರೆ ಯಾವ ನಂಬರಿಗೆ ಹೇಳಬೇಕು. ಎಂಟು ಅಂದರೆ ಯೂಟಾ ಸಮಯವೋ ಅರಿಜೋನಾ ಸಮಯವೋ, ಅದನ್ನೂ ಬರೆಯುತ್ತೇವೆ.